ರೆಕ್ಸಿನ್ ಸಂಚಿ

ಅನುಶ್ರೀಯ ಎಡಜಡೆ ಮುಗಿದು ಬಲಜಡೆ ಅರ್ಧಕ್ಕೆ ಬಂದಿತ್ತು. ಜಗಲಿಯ ಅಂಚಿನಲ್ಲಿ ಕೂತ ರೂಪಶ್ರೀ ಮಗಳನ್ನು ಎರಡು ಮಂಡಿಗಳ ನಡುವೆ ಭದ್ರವಾಗಿ ಹಿಡಿದು, ಕೆಂಪು ಟೇಪನ್ನು ಹಲ್ಲಲ್ಲಿ ಕಚ್ಚಿಕೊಂಡು, ಕೂದಲನ್ನು ಮೂರೆಳೆ ಮಾಡಿ ಹೆಣೆಯುತ್ತಿದ್ದಳು. ಟೇಪು ಬಾಯಲ್ಲಿರುವಷ್ಟು ಹೊತ್ತು ಮಾತಾಡುವ ಹಾಗಿಲ್ಲವಲ್ಲ, ಅದೇ ಒಂದು ನೆಮ್ಮದಿ. ಮಗಳ ಮುಖ ಕಾಣದಿದ್ದರೂ ಕತ್ತಿನ ಹಿಂಭಾಗ ನೋಡಿದರೇ ಗೊತ್ತಾಗುತ್ತಿತ್ತು, ಒಳಗೊಂದು ಪ್ರಶ್ನೆ ಕೂತಿದೆ ಎಂದು. ಈ ಹುಡುಗಿಗೆ ಪ್ರಶ್ನೆ ಬರುವುದು ಕೆಮ್ಮು ಬಂದ ಹಾಗೆ. ಚಂದ್ರ ನಮ್ಮ ಬಸ್ಸಿನ ಜೊತೆಗೇ ಯಾಕೆ ಬರ್ತಾನೆ, ಹಲ್ಲೇ ಇಲ್ಲದ ಕೋಳಿ ನಗೋದು ಹೆಂಗೆ, ಅಜ್ಜಿಗೆ ಅಜ್ಜಿ ಇದ್ರಾ. ಎಲ್ಲದಕ್ಕೂ ರೂಪಶ್ರೀ ಸೌಟು ಹಿಡಿದುಕೊಂಡೇ, ಕಸಬರಿಗೆ ಹಿಡಿದುಕೊಂಡೇ ಉತ್ತರ ಹುಡುಕಿ ಕೊಟ್ಟಿದ್ದಳು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಮಗ ಎಂದು ಒಪ್ಪಿಕೊಂಡಿದ್ದಳು. ಈಗ ಕೆಲವು ವಾರಗಳಿಂದ ಮಾತ್ರ, ಮಗಳು ಬಾಯಿ ತೆರೆಯುವ ಮೊದಲೇ ಒಲೆಯ ಮೇಲಿನ ಹಾಲು ಉಕ್ಕುತ್ತಿತ್ತು, ಬಸ್ಸು ಬರುತ್ತಿತ್ತು, ಯಾರೋ ಕರೆಯುತ್ತಿದ್ದರು. ಉಕ್ಕದಿದ್ದರೂ, ಬರದಿದ್ದರೂ, ಕರೆಯದಿದ್ದರೂ.

ಇವತ್ತು ನಿಜವಾಗಿಯೂ ಕರೆದರು. “ರೂಪಾ! ಏ ರೂಪಾ! ಬ್ಯಾರನ್ ತಾವ್ಕೆ ಬಾ ಒಸಿ!”

ಗಂಡನ ದನಿಯಲ್ಲಿ ಗಾಬರಿ ಇರಲಿಲ್ಲ, ನಗು ಇತ್ತು. ಅದಕ್ಕೇ ಅವಳಿಗೆ ಗಾಬರಿಯಾಯಿತು. ಹೆಣೆದಷ್ಟು ಜಡೆಗೆ ಟೇಪು ಸುತ್ತಿ ಬಿಟ್ಟು ಅವಳು ಹಿತ್ತಿಲ ಕಡೆ ಓಡಿದಳು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಬಾಗಿಲನ್ನು ಒಂದಿಷ್ಟೇ ತೆರೆದು, ಒಳಗಿನ ಬಿಸಿಗೆ ಮುಖ ಕೆಂಪಗೆ ಮಾಡಿಕೊಂಡು ನಟರಾಜು ನಿಂತಿದ್ದ. ಕೈಯಲ್ಲಿ ಕೋಲು, ಕೋಲಿನ ತುದಿಯಲ್ಲಿ ಕಂದು ಬಣ್ಣದ ಏನೋ ಒಂದು, ಕರಿದ ಸಂಡಿಗೆಯ ಹಾಗೆ ನಾಲ್ಕೂ ಮೂಲೆ ಮೇಲೆತ್ತಿಕೊಂಡು ತೂಗಾಡುತ್ತಿತ್ತು.

“ಇದೇನೆ ಇದು, ಅಪ್ಪಳವಾ?”

ರೂಪಶ್ರೀಗೆ ಅಳು ಬರಬೇಕಾಗಿತ್ತು. ಆ ಸಂಡಿಗೆ ನಿನ್ನೆ ಸಂಜೆ ಅಂಗೈಯಗಲದ ಚರ್ಮದ ತುಂಡಾಗಿತ್ತು, ಅದರ ಮೇಲೆ ಅವಳು ಬಿಡಿಸಿದ ರಂಗೋಲಿ ಇತ್ತು. ಹುಣಸೂರಿನ ತರಬೇತಿಯಲ್ಲಿ ದಿನವೆಲ್ಲ ಕೂತು ಕುಟ್ಟಿದ್ದು, ಇನ್ನೊಂದು ಮೂಲೆ ಬಾಕಿ ಇದೆಯೆಂದು ಮನೆಗೆ ತಂದಿದ್ದಳು. ಚರ್ಮದ ಮೇಲೆ ಚಿತ್ರ ಒತ್ತಬೇಕಾದರೆ ಅದನ್ನು ನೆನೆಸಬೇಕು; ನೆನೆಸಿ, ಮೇಲಿನ ನೀರು ಹಿಂಗಿ ಒಳಗಿನ ತಂಪು ಉಳಿಯುವವರೆಗೆ ಕಾಯಬೇಕು. ಆ ಹದವನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೆಂದ ಹೊಗೆಸೊಪ್ಪನ್ನು ಇಳಿಸುವ ಮೊದಲು ಬ್ಯಾರನ್ನಿನ ಬಾಗಿಲು ತೆರೆದಿಟ್ಟು, ಸೊಪ್ಪು ಇಬ್ಬನಿ ಕುಡಿದು ಮೆತ್ತಗಾಗುವವರೆಗೆ ಕಾಯುವ ಮನೆ ಇದು. ಮುಟ್ಟಿದರೆ ಪುಡಿಯಾಗಬಾರದು, ಹಿಂಡಿದರೆ ಒದ್ದೆಯಾಗಬಾರದು. ಹೀಗಾಗಿ ಅವಳ ತಲೆಗೆ, ಸೊಪ್ಪು ಹದಕ್ಕೆ ಬರುವ ಜಾಗದಲ್ಲೇ ಚರ್ಮವೂ ಹದಕ್ಕೆ ಬರುತ್ತದೆ ಎಂದು ಹೊಳೆದದ್ದು ಸಹಜವೇ. ಮಬ್ಬುಗತ್ತಲಲ್ಲಿ ಹೋಗಿ, ಬೆಂಕಿ ಹಾಯುವ ತಗಡಿನ ಕೊಳವೆಯ ಪಕ್ಕದ ಇಟ್ಟಿಗೆಯ ಮೇಲೆ ತುಂಡನ್ನು ಇಟ್ಟು ಬಂದಿದ್ದಳು. ಬೆಳಿಗ್ಗೆ ಪೂಜೆ ಮಾಡಿ ಆಮೇಲೆ ಬೆಂಕಿ ಹಾಕ್ತೀನಿ ಅಂದಿದ್ದ ಗಂಡ, ಕಟ್ಟಿದ ಸೊಪ್ಪು ಹಳದಿ ತಿರುಗುತ್ತಿದೆಯೆಂದು ರಾತ್ರಿ ಊಟವಾದ ಮೇಲೆಯೇ ಬೆಂಕಿ ಹಾಕಿದ್ದ.

“ನಗಬ್ಯಾಡಿ ನೀವು,” ಅಂದಳು. ಆದರೆ ಅವಳಿಗೇ ನಗು ಬಂತು.

“ಅಲ್ಲ ಕಣೆ, ಸೊಪ್ಪಿನ ಜೊತೇಲಿ ಹರಾಜಿಗೆ ಕಳ್ಸನಾ ಅಂತ. ಒಳ್ಳೆ ಬಣ್ಣ ಬಂದದೆ.” ಆಮೇಲೆ ಮನೆಯ ಕಡೆ ನೋಡಿ ದನಿ ತಗ್ಗಿಸಿದ. “ಅವ್ವ ನೋಡಿದ್ರೆ ಏನ್ಮಾಡ್ತಿದ್ದೆ? ಒಲೆ ಬಾಯಿಗೆ ಸೌದೆ ಹಾಕಕ್ಕೆ ಅವರೂ ಬತ್ತಾರಲ್ಲ. ಎಷ್ಟು ದಿಸ ಅಂತ ಬಚ್ಚಿಡ್ತೀಯ, ಏಳ್ಬುಡು ಒಂದ್ಸಲ.”

“ನೀವೇ ಏಳಿ ಮತ್ತೆ.”

“ನಾನಾ? ನನ್ ಬೆಲ್ಟೇ ಕೊಟ್ಟಿಗೇಲಿ ನೇತಾಡ್ತಾ ಅದೆ, ನನ್ ಮಾತು ಕೇಳ್ತಾರಾ?”

ಅದು ನಿಜ. ಮದುವೆಯಲ್ಲಿ ಬಂದ ನಟರಾಜುವಿನ ಒಂದೇ ಒಂದು ಚರ್ಮದ ಬೆಲ್ಟು ಕೊಟ್ಟಿಗೆಯ ಮೊಳೆಗೆ ನೇತುಹಾಕಿತ್ತು. ಪಿರಿಯಾಪಟ್ಟಣಕ್ಕೆ ಹೋಗುವ ದಿನ ಅವನು ಪ್ಯಾಂಟು ಕೈಯಲ್ಲಿ ಹಿಡಿದು ಕೊಟ್ಟಿಗೆಗೆ ನಡೆದು, ಎತ್ತಿನ ಎದುರಿಗೆ ಸೊಂಟ ಕಟ್ಟಿಕೊಂಡು ಬರುತ್ತಿದ್ದ. ತೊಗಲು ಹೊಸ್ತಿಲು ದಾಟಬಾರದು. ಇದು ಅತ್ತೆ ಜಯಲಕ್ಷ್ಮಮ್ಮನವರ ಕಾನೂನು. ಯಾಕೆಂದು ಯಾರೂ ಕೇಳಿರಲಿಲ್ಲ, ಕೇಳದೆಯೇ ಎಲ್ಲರಿಗೂ ಗೊತ್ತಿತ್ತು. ಊರಲ್ಲಿ ತೊಗಲಿನ ಕೆಲಸಕ್ಕೆ ಹಿಂದೆ ಒಂದು ಕೇರಿ ಇತ್ತು, ಕೇರಿಗೆ ಒಂದು ಹೆಸರಿತ್ತು, ಆ ಹೆಸರನ್ನು ಈ ಮನೆಯಲ್ಲಿ ದನಿ ತಗ್ಗಿಸಿಯೇ ಹೇಳುತ್ತಿದ್ದರು. ತಾನು ಮೊದಲ ದಿನ ಚರ್ಮ ಮುಟ್ಟಿದಾಗ ತನ್ನೊಳಗೂ ಏನೋ ದನಿ ತಗ್ಗಿಸಿದ್ದು ನೆನಪಾಗಿ ರೂಪಶ್ರೀಯ ಕಿವಿ ಬಿಸಿಯಾಯಿತು. ಸಂಡಿಗೆಯನ್ನು ಸೆರಗಿನಲ್ಲಿ ಸುತ್ತಿ ತಿರುಗಿದರೆ, ಅರ್ಧ ಜಡೆಯ ಅನುಶ್ರೀ ಬೇವಿನ ಮರದ ಕೆಳಗೆ ನಿಂತಿದ್ದಾಳೆ. ಒಂದು ಪಾದದ ಮೇಲೆ ಇನ್ನೊಂದು ಪಾದ. ಕಣ್ಣು ಸೆರಗಿನ ಮೇಲೆ.

“ಅಮ್ಮಾ...”

“ನಡಿ ನಡಿ, ಟೈಮಾಯ್ತು.”

ಮನೆಯಿಂದ ಶಾಲೆಯವರೆಗೆ ಅಷ್ಟೇನೂ ದೂರವಿಲ್ಲ. ಹಾರನಹಳ್ಳಿಯ ರಸ್ತೆ ಸೇರುವಲ್ಲಿ ಶಾಲೆ, ಅಲ್ಲೇ ಬಸ್ಸು ನಿಲ್ಲುವ ಜಾಗ. ದಾರಿಯುದ್ದಕ್ಕೂ ಮಗಳ ಕೈ ಅವಳ ಕೈಯಲ್ಲಿತ್ತು, ಮತ್ತು ಆ ಪುಟ್ಟ ಕೈ ಸುಮ್ಮನಿರಲಿಲ್ಲ. ಅವಳ ಅಂಗೈಯನ್ನು ಬೆರಳಿನಿಂದ ಸವರುತ್ತಿತ್ತು, ಮಗುಚುತ್ತಿತ್ತು, ಉಗುರುಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಿತ್ತು. ಇದೂ ಕೆಲವು ವಾರಗಳಿಂದ ಶುರುವಾದದ್ದು. ರಾತ್ರಿ ಮಗ್ಗುಲಲ್ಲಿ ಮಲಗಿದಾಗಲೂ ಅಮ್ಮನ ಕೈಯನ್ನು ದೀಪದ ಕಡೆ ಹಿಡಿದು ನೋಡುತ್ತಿದ್ದಳು, ಒಮ್ಮೆ ಮೂಸಿದ್ದಳು. ಸಾಕ್ಷಿ ಹುಡುಕುತ್ತಿದ್ದಾಳೆ, ಎಂದುಕೊಂಡಳು ರೂಪಶ್ರೀ. ಅವತ್ತು ಆ ಮಾತು ಆಡುವಾಗ ಇವಳು ಅಲ್ಲೇ ನಡುಮನೆಯಲ್ಲಿ ಮಗ್ಗಿ ಬರೆಯುತ್ತಾ ಕೂತಿದ್ದಳಲ್ಲ. ಅತ್ತೆ ಅವರೆಕಾಯಿ ಬಿಡಿಸುತ್ತಿದ್ದವರು ಬ್ಯಾಗಿನಿಂದ ಇಣುಕಿದ ಪಟ್ಟಿಯನ್ನು ನೋಡಿ, “ಅದೇನವ್ವ, ತೊಗಲಾ?” ಅಂದಿದ್ದರು. ರೂಪಶ್ರೀ ಯೋಚನೆಯನ್ನೇ ಮಾಡದೆ, “ಇಲ್ಲ ಅತ್ತೆ, ರೆಕ್ಸಿನ್ನು, ಬಸ್ ಸೀಟಿಗೆ ಹಾಕ್ತಾರಲ್ಲ, ಅದು. ಬ್ಯಾಗು ಹೊಲಿಯಕ್ಕೆ,” ಅಂದುಬಿಟ್ಟಿದ್ದಳು. ಎಷ್ಟು ನಯವಾಗಿ ಬಂತು ಸುಳ್ಳು! ವರ್ಷಗಟ್ಟಲೆ ನಶ್ಯ ಏರಿಸಿ ಅತ್ತೆಯ ಮೂಗಿಗೆ ಈಗ ಒಗ್ಗರಣೆ ಸೀದರೂ ಗೊತ್ತಾಗುವುದಿಲ್ಲ. ಆದರೆ ಮಗಳ ಮೂಗು ಹಾಗಲ್ಲ. ಮಗ್ಗಿಯಿಂದ ಅದು ಮೇಲೆದ್ದಿತ್ತು. ಬ್ಯಾಗಿನ ಕಡೆ, ಆಮೇಲೆ ಅಮ್ಮನ ಕಡೆ. ಅಷ್ಟೇ. ಮತ್ತೆ ತಲೆ ಬಗ್ಗಿಸಿ ಬರೆಯತೊಡಗಿದ್ದಳು. ಹಿಂದೆಯೊಮ್ಮೆ ಸ್ಲೇಟು ಒಡೆದು, ತಾನಾಗೇ ಒಡೀತು ಅಂದದ್ದಕ್ಕೆ ಇದೇ ಮಗಳನ್ನು ಎದುರಿಗೆ ಕೂರಿಸಿಕೊಂಡು, ಸುಳ್ಳು ಹೇಳಿದರೆ ಹೊಟ್ಟೆಯೊಳಗೆ ಕಲ್ಲು ಕೂತ ಹಾಗಾಗುತ್ತದೆ ಮಗ ಎಂದು ತಾನು ಉಪದೇಶ ಮಾಡಿದ್ದಳು.

“ಅಮ್ಮಾ, ಒಂದು ಕೇಳ್ಲಾ?”

“ಬಸ್ಸು ಬಂತು ಕಣ್ ಮಗ.” ಬಸ್ಸು ಇನ್ನೂ ತಿರುವಿನಾಚೆ ಇತ್ತು, ಸದ್ದು ಮಾತ್ರ ಬಂದಿತ್ತು. ಅನುಶ್ರೀ ಸದ್ದಿನ ಕಡೆ ನೋಡಿದಳು, ಅಮ್ಮನ ಕಡೆ ನೋಡಿದಳು, ತುಂಬಾ ದೊಡ್ಡವಳ ಹಾಗೆ “ಸರಿ” ಅಂದು ಶಾಲೆಯ ಗೇಟಿನೊಳಗೆ ಹೋದಳು. ಆ “ಸರಿ” ಬಸ್ಸಿನಲ್ಲಿ ಕಿಟಕಿಯ ಪಕ್ಕ ರೂಪಶ್ರೀಯ ಜೊತೆಗೇ ಕೂತು ಹುಣಸೂರಿನವರೆಗೂ ಬಂತು. ಹೊಲಗಳಲ್ಲಿ ಹೊಗೆಸೊಪ್ಪಿನ ಗಿಡಗಳು ಕೆಳಗಿನ ಎಲೆ ಕಳೆದುಕೊಂಡು, ಲಂಗ ಎತ್ತಿ ಕಟ್ಟಿ ನೀರಿಗಿಳಿದ ಹುಡುಗಿಯರ ಹಾಗೆ ನಿಂತಿದ್ದವು. ಸುಳ್ಳು ಹೇಳಿ ಕಲಿಯುವಂಥದ್ದೇನು ಇದರಲ್ಲಿ ಇದೆ? ಬಿಟ್ಟುಬಿಟ್ಟರೆ ಆಯಿತು. ಹೊಲಿಗೆ ಕಲಿಯಬಹುದು, ಊದುಬತ್ತಿ ಹೊಸೆಯಬಹುದು, ಯಾರಿಗೂ ಏನೂ ಹೇಳಬೇಕಾಗಿಲ್ಲ. ಹಾಗೆ ಯೋಚಿಸುತ್ತಿರುವಾಗಲೇ ಅವಳ ಬೆರಳುಗಳು ಎದುರು ಸೀಟಿನ ರೆಕ್ಸಿನ್ನಿನ ಮೇಲೆ ಉಗುರಿನಿಂದ ಒಂದು ಸುತ್ತು ಎಳೆದು, ಆ ಸುತ್ತಿನ ಹೊರಗೆ ಇನ್ನೊಂದು ಎಸಳು ಎಳೆಯುತ್ತಿದ್ದವು. ಗೆರೆ ನಿಲ್ಲಲಿಲ್ಲ. ರೆಕ್ಸಿನ್ನು ಮರುಕ್ಷಣವೇ ಉಬ್ಬಿ ಮೊದಲಿನಂತಾಯಿತು. ಛೀ ಕೆಟ್ಟದ್ದು ಎಂದು ಮನಸ್ಸಿನಲ್ಲೇ ಅದಕ್ಕೆ ಬೈದಳು. ತಾನು ಈ ಕಲಿಕೆ ಬಿಡುವವಳಲ್ಲ ಎಂದು ಅವಳಿಗೆ ಅಲ್ಲೇ ಗೊತ್ತಾಯಿತು.

ತರಬೇತಿ ನಡೆಯುವುದು ಬಸ್ ಸ್ಟ್ಯಾಂಡಿನ ಹಿಂದೆ, ಪೇಂಟು ಅಂಗಡಿಯ ಮೇಲಿನ ಹಾಲಿನಲ್ಲಿ. ಮೆಟ್ಟಿಲು ಹತ್ತುವಾಗಲೇ ಕೊಡತಿಗಳ ಸದ್ದು ಕೇಳುತ್ತದೆ, ಹತ್ತು ಮನೆಯವರು ಒಟ್ಟಿಗೆ ಮೆಣಸು ಕುಟ್ಟಿದ ಹಾಗೆ. ಹೇಳಿಕೊಡುವವಳು ಪ್ರಿಯಾ, ರೂಪಶ್ರೀಗಿಂತ ಚಿಕ್ಕವಳು, ಜೀನ್ಸು ಹಾಕಿಕೊಂಡು ನೆಲದ ಮೇಲೆ ಚಕ್ಕಳಮಕ್ಕಳ ಕೂರುತ್ತಾಳೆ, ಮಾತಿಗೊಮ್ಮೆ ನಗುತ್ತಾಳೆ. ಮೊದಲ ದಿನ ಅವಳ ಮುಂದೆ ರೂಪಶ್ರೀ ಆಡಿದ ಮಾತು ಈಗಲೂ ಪಾತ್ರೆ ತೊಳೆಯುವಾಗ ಸುಮ್ಮಸುಮ್ಮನೆ ನೆನಪಾಗಿ ಕಣ್ಣು ಮುಚ್ಚಿಕೊಳ್ಳುವಂತೆ ಮಾಡುತ್ತದೆ. “ಮೇಡಂ, ಕೈಗೆ ಗ್ಲೌಸ್ ಕೊಡಲ್ವಾ?” ಅಂದಿದ್ದಳು. ಪ್ರಿಯಾ ಅವಳನ್ನು ನೋಡಿ, ನಿಧಾನವಾಗಿ ನಕ್ಕು, “ಗ್ಲೌಸ್ ಹಾಕ್ಕೊಂಡು ರೊಟ್ಟಿ ತಟ್ತೀರೇನ್ರೀ? ನಮ್ಮ ತಾತ ಕಪಿಲೆ ಬಾವಿಯಿಂದ ನೀರೆತ್ತೋ ತೊಗಲಿನ ಬಾನಿ ಹೊಲೀತಿದ್ರು, ನಿಮ್ಮ ಪಿರಿಯಾಪಟ್ಟಣದ ಕಡೆಗೇನೇ. ಆ ನೀರು ಕುಡಿದ ಗದ್ದೆ ಅನ್ನ ಎಲ್ರೂ ಉಂಡಿದ್ದಾರೆ, ಗ್ಲೌಸ್ ಇಲ್ದೇನೆ,” ಅಂದಿದ್ದಳು. ಬೈದಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವತ್ತಿನಿಂದ ರೂಪಶ್ರೀ ಎಲ್ಲರಿಗಿಂತ ಮೊದಲು ಬಂದು ಹಾಲ್ ಗುಡಿಸುತ್ತಾಳೆ. ಅದರಿಂದ ಆ ಮಾತು ಅಳಿಸಿಹೋಗುವುದಿಲ್ಲ ಎಂದು ಗೊತ್ತಿದ್ದೂ ಗುಡಿಸುತ್ತಾಳೆ.

“ಎಲ್ರಿ ನಿಮ್ಮ ರಂಗೋಲಿ? ಮೂಲೆ ಮುಗೀತಾ?” ಪ್ರಿಯಾ ಕೇಳಿದಳು.

ರೂಪಶ್ರೀ ಬ್ಯಾಗಿನಿಂದ ಸಂಡಿಗೆ ತೆಗೆದು ಕಲ್ಲಿನ ಮೇಲಿಟ್ಟಳು. ಅದು ಟಕ್ ಎಂದಿತು.

ಪಕ್ಕದಲ್ಲಿ ಕೂರುವ ಶೋಭಾ ಬಗ್ಗಿ ನೋಡಿದಳು. ಹನಗೋಡಿನಾಚೆಯ ಹಾಡಿಯಿಂದ ಬರುವ ಹುಡುಗಿ ಅವಳು, ಕಾಡಂಚಿನವಳು. ಗಂಭೀರ ಮುಖ ಮಾಡಿಕೊಂಡು ಎಲ್ಲರನ್ನೂ ನಗಿಸುತ್ತಾಳೆ. “ಅಕ್ಕಾ, ಇದು ಆಮೆ ಬೆನ್ನು ಕಣಕ್ಕ. ಎಲ್ ಸಿಕ್ತು? ಫಾರೆಸ್ಟ್‌ನೋರು ನೋಡಿದ್ರೆ ಕೇಸಾಕ್ತಾರೆ.”

“ಬ್ಯಾರನ್ನಲ್ಲಿ ಇಟ್ಟಿದ್ದೆ. ಹದಕ್ಕೆ ಬರ್ಲಿ ಅಂತ.”

ಪ್ರಿಯಾ ಅದನ್ನು ಎತ್ತಿ ಉಗುರಿನಿಂದ ತಟ್ಟಿ, ಎಲ್ಲರಿಗೂ ಕಾಣುವ ಹಾಗೆ ಮೇಲೆ ಹಿಡಿದಳು. “ನೋಡ್ರಪ್ಪಾ ಎಲ್ರೂ! ಮೈಸೂರಲ್ಲಿ ಕಲಿಸಿದೀನಿ, ಮಂಡ್ಯದಲ್ಲಿ ಕಲಿಸಿದೀನಿ, ಈ ತಪ್ಪು ಯಾರೂ ಮಾಡಿರ್ಲಿಲ್ಲ. ಹೊಗೆಸೊಪ್ಪಿನೋರ ಮನೆ ಹೆಣ್ಮಗಳೇ ಆಗ್ಬೇಕು ಇದಕ್ಕೆ!” ಹಾಲೆಲ್ಲ ನಕ್ಕಿತು. ರೂಪಶ್ರೀಯ ಮುಖ ಬಿಸಿಯಾಗಿ, ಒಂದು ಗಳಿಗೆ ಮೆಟ್ಟಿಲಿಳಿದು ಹೋಗಿಬಿಡಬೇಕೆನಿಸಿತು. ಆಮೇಲೆ ಆ ನಗುವಿನೊಳಗೆ ತನ್ನದೂ ಇದೆಯೆಂದು ಗೊತ್ತಾಯಿತು. “ಹದ ಗೊತ್ತಿತ್ತು ಮೇಡಂ, ಬೆಂಕಿ ಗೊತ್ತಿರ್ಲಿಲ್ಲ,” ಅಂದಳು.

“ನಿಮಗೆ ಹದ ಗೊತ್ತು, ಅದು ನಿಜ.” ಪ್ರಿಯಾ ಹೊಸ ತುಂಡೊಂದನ್ನು ಅವಳ ಮುಂದೆ ಹಾಕಿದಳು. “ಇನ್ನೊಂದು ಕುಟ್ಟಿ. ಉಳಿದ ಭಾಗ ಎಲ್ಲಾ ಕತ್ತರಿಸಿ ರೆಡಿ ಇದೆಯಲ್ಲ, ಸಂಜೆಗೆ ಸಂಚಿ ಹೊಲಿದುಬಿಡಬಹುದು. ಈ ಸಲ ಕಾಗದದಿಂದ ಗೆರೆ ಇಳಿಸ್ಕೋಬೇಡಿ. ಅಂಗಳದಲ್ಲಿ ಹಾಕಲ್ವಾ, ಹಂಗೇ ಹಾಕಿ.”

ಒದ್ದೆ ಸ್ಪಂಜು ಸವರಿದ ಮೇಲೆ ಚರ್ಮ ಕಪ್ಪಾಯಿತು. ಕಾದಳು. ಅದರ ಬಣ್ಣ ಅಂಚಿನಿಂದ ಒಳಕ್ಕೆ ನಿಧಾನವಾಗಿ ತಿಳಿಯಾಗುತ್ತಾ ಬರುವುದನ್ನು ನೋಡುತ್ತಾ ಕೂರುವುದು ಅವಳಿಗೆ ಇಷ್ಟ. ಬೆಳಗಿನ ಜಾವ ಹೊಲದ ಮೇಲಿನ ಮಂಜು ಹಿಂಗುವ ಹಾಗೆ, ಅವಸರವೇ ಇಲ್ಲ. ತುಂಡನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡಳು. ಕಣ್ಣಿಗೆ ಒಣಗಿದಂತೆ ಕಂಡರೂ ಕೆನ್ನೆಗೆ ತಣ್ಣಗಿತ್ತು, ಹೂಜಿಯ ಹೊರಮೈಯಂತೆ. ಚಾಕುವನ್ನು ನೇರ ಹಿಡಿದು ಮೊದಲ ಗೆರೆ ಎಳೆದಳು. ಅತ್ತೆ ಪ್ರತಿ ಶುಕ್ರವಾರ ಬಾಗಿಲ ಮುಂದೆ ಹಾಕುವ ರಂಗೋಲಿ ಅದು: ನಡುವೆ ಚುಕ್ಕೆ, ಸುತ್ತ ಎಸಳು, ಎಸಳಿನ ತುದಿಯಲ್ಲಿ ಹಿಂದಕ್ಕೆ ಬಾಗಿದ ಒಂದು ಬಳ್ಳಿ. ಬೇರೆಯವರ ಮನೆಯ ರಂಗೋಲಿಯಲ್ಲಿ ಬಳ್ಳಿ ಹೊರಕ್ಕೆ ಹೋಗುತ್ತದೆ. ಅತ್ತೆಯದು ಮಾತ್ರ ಹೊರಗೆ ಹೋದಂತೆ ಮಾಡಿ ಮನೆಯ ಕಡೆಗೇ ತಿರುಗುತ್ತದೆ. ಮದುವೆಯಾಗಿ ಬಂದ ಹೊಸದರಲ್ಲಿ ಅವರು ಅವಳ ಕೈ ಹಿಡಿದು ಅದನ್ನು ಕಲಿಸಿದ್ದರು. ತಪ್ಪಿದಾಗಲೆಲ್ಲ ಅಳಿಸಿ, ಬೈಯದೆ, “ಇನ್ನೊಂದ್ಕಿತ ಹಾಕು, ಅಂಗಳ ಎಲ್ಲೂ ಓಡೋಗಲ್ಲ” ಅಂದಿದ್ದರು. ಅಂಥವರಿಗೆ ಸುಳ್ಳು ಹೇಳಿದೆನಲ್ಲ. ಗೆರೆಯ ಪಕ್ಕದಲ್ಲಿ ಅಚ್ಚಿಟ್ಟು ಕೊಡತಿಯಿಂದ ಮೆಲ್ಲಗೆ ಹೊಡೆದಳು. ಗೆರೆಯ ಒಂದು ಬದಿ ಕೆಳಗಿಳಿಯಿತು, ಇನ್ನೊಂದು ಬದಿ ತಾನಾಗಿಯೇ ಎದ್ದು ನಿಂತಿತು. ಮತ್ತೆ ಹೊಡೆದಳು. ಚಪ್ಪಟೆಯಾಗಿದ್ದ ಚರ್ಮದಿಂದ ಎಸಳೊಂದು ನಿದ್ದೆಯಿಂದ ಏಳುವ ಮಗುವಿನ ಹಾಗೆ ಮಗ್ಗುಲಾಗಿ ಎದ್ದಿತು. ಆ ಕ್ಷಣದ ಸಂತೋಷಕ್ಕೆ ಹೋಲಿಸಲು ಅವಳ ಬಳಿ ಬೇರೆ ಏನೂ ಇರಲಿಲ್ಲ. ತಾನು ಮಾಡಿದ ಅಡುಗೆ ಮಧ್ಯಾಹ್ನಕ್ಕೆ ಖಾಲಿಯಾಗುತ್ತದೆ, ಗುಡಿಸಿದ ಅಂಗಳ ಸಂಜೆಗೆ ಕಸವಾಗುತ್ತದೆ, ಹಾಕಿದ ರಂಗೋಲಿಯನ್ನು ಕೋಳಿ ಕೆದರುತ್ತದೆ. ಇದು ನಿಲ್ಲುತ್ತದೆ. ಯಾರ ಕೋಳಿಯೂ ಇದನ್ನು ಕೆದರುವ ಹಾಗಿಲ್ಲ.

ಅಂಚಿಗೆ ತೂತು ಹಾಕಿ, ಮೇಣದ ದಾರದಲ್ಲಿ ಹೊಲಿದು, ಬಾಯಿಗೆ ಪಟ್ಟಿ ಕಟ್ಟುವಷ್ಟರಲ್ಲಿ ಕಿಟಕಿಯ ಬಿಸಿಲು ಗೋಡೆಗೆ ಏರಿತ್ತು. ಎಲೆಅಡಿಕೆ ಸಂಚಿ. ಶೋಭಾ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮುದುಕಿಯ ಹಾಗೆ ನಡೆದು ತೋರಿಸಿದಳು, ಬಾಯಲ್ಲಿಲ್ಲದ ಎಲೆಯನ್ನು ಉಗಿದೂ ತೋರಿಸಿದಳು.

“ಇನ್ನೇನ್ ಕಲಿಸೋದಿದೆ ನಿಮಗೆ,” ಪ್ರಿಯಾ ಹೇಳಿದಳು. “ಸೋಮವಾರ ಬನ್ನಿ, ಕಲ್ಲು, ಕೊಡತಿ, ಅಚ್ಚು ಎಲ್ಲಾ ಮನೆಗೆ ತಗೊಂಡು ಹೋಗಿ. ಆರ್ಡರ್ ಕೆಲಸ ಕೊಡ್ತೀನಿ, ಮನೇಲೇ ಕೂತು ಮಾಡಿ. ಆದ್ರೆ ಸದ್ದಾಗುತ್ತೆ, ವಾಸನೆ ಇರುತ್ತೆ, ಕದ್ದು ಮಾಡೋ ಕೆಲಸ ಅಲ್ಲ ಇದು. ಮನೇಲಿ ಹೇಳಿದೀರಲ್ಲ?”

“ಹೂಂ ಮೇಡಂ. ಹೇಳಿದೀನಿ.”

ಇದು ಎರಡನೆಯ ಸುಳ್ಳು. ಬಸ್ಸಿನಲ್ಲಿ ಅವಳು ಸಂಚಿಯನ್ನು ಬ್ಯಾಗಿನ ತಳಕ್ಕೆ, ಟಿಫಿನ್ ಡಬ್ಬಿಯ ಕೆಳಕ್ಕೆ ತುರುಕಿ, ಮೇಲೆ ಶುಕ್ರವಾರದ ಪೂಜೆಗೆಂದು ಕೊಂಡ ಸೇವಂತಿಗೆಯ ಪೊಟ್ಟಣವಿಟ್ಟಳು. ಕೊಟ್ಟಿಗೆಯಲ್ಲಿ ಕೂತು ಮಾಡಬಹುದೇನೋ. ಎತ್ತಿಗೆ ಗಾಬರಿಯಾಗುತ್ತದೆ. ತವರುಮನೆಯಲ್ಲಿ? ಅಲ್ಲಿಯೂ ಹೊಸ್ತಿಲಿದೆ. ಸೋಮವಾರದೊಳಗೆ ಹೇಳಬೇಕು, ಇಲ್ಲವೇ ಬೇಡವೆಂದು ಪ್ರಿಯಾಗೆ ಹೇಳಬೇಕು. ಬೇಡವೆನ್ನುವ ತನ್ನ ದನಿಯನ್ನು ಮನಸ್ಸಿನಲ್ಲೇ ಕೇಳಿಸಿಕೊಂಡು ನೋಡಿದಳು. ಅದು ಪೂರ್ತಿ ಒಣಗಿಹೋದಂತಿತ್ತು.

ಮನೆ ತಲುಪಿದಾಗ ಅತ್ತೆ ಮುಖ ತೊಳೆದು ಹಣೆಗೆ ಕುಂಕುಮವಿಟ್ಟು, ನಡುಮನೆಯಲ್ಲಿ ದೇವರ ಗೂಡಿನ ಮುಂದೆ ಕಾಲು ಚಾಚಿ ಕೂತು ದೀಪದ ಬತ್ತಿ ಹೊಸೆಯುತ್ತಿದ್ದರು. ಅನುಶ್ರೀ ಪಕ್ಕದಲ್ಲಿ ಹತ್ತಿ ಬಿಡಿಸುತ್ತಿದ್ದಳು. ಅರ್ಧ ಹೆಣೆದ ಜಡೆ ಹಾಗೇ ಇತ್ತು. ದಿನವೆಲ್ಲ ಹಾಗೇ ಇದ್ದಿರಬೇಕು.

“ಹೂ ತಂದ್ಯಾ?” ಅತ್ತೆ ಕೈ ಚಾಚಿದರು.

“ತಂದೆ ಅತ್ತೆ, ಕಾಲು ತೊಳ್ಕೊಂಡು ಬಂದು ಕೊಡ್ತೀನಿ.” ಬ್ಯಾಗನ್ನು ಜಗಲಿಯ ಮೇಲೆಯೇ ಇಟ್ಟು ಹಿತ್ತಿಲಿಗೆ ಹೋದಳು. ಕಾಲಿಗೆ ನೀರು ಹಾಕಿಕೊಳ್ಳುತ್ತಿರುವಾಗ ಒಳಗಿನಿಂದ ಟಿಫಿನ್ ಡಬ್ಬಿಯ ಸದ್ದು ಬಂತು. ಚೊಂಬು ಕೈಯಲ್ಲೇ ನಿಂತಿತು. ಓಡಿ ಬಂದಳು. ಅತ್ತೆಗೆ ಹೂವಿನ ಅವಸರ, ಬ್ಯಾಗನ್ನು ತಾವೇ ಒಳಗೆ ತಂದು ತೆರೆದಿದ್ದರು. ಸೇವಂತಿಗೆ ಮೊರದಲ್ಲಿತ್ತು. ಸಂಚಿ ಅವರ ಮಡಿಲಲ್ಲಿತ್ತು.

“ಇದು ನೀನು ಮಾಡಿದ್ದಾ?”

“ಹೂಂ ಅತ್ತೆ.”

ಜಯಲಕ್ಷ್ಮಮ್ಮನವರು ಸಂಚಿಯನ್ನು ಬಾಗಿಲ ಬೆಳಕಿಗೆ ಹಿಡಿದರು. ಹೆಬ್ಬೆರಳು ಎಸಳಿನ ಮೇಲೆ ಹೋಯಿತು, ಎಸಳಿನ ತುದಿಗೆ ಹೋಯಿತು, ಬಳ್ಳಿಯ ಜೊತೆ ಹೊರಕ್ಕೆ ಹೋಗಿ ಒಳಕ್ಕೆ ತಿರುಗಿತು. ಅಲ್ಲಿ ನಿಂತಿತು.

“ಕಳ್ಳಿ! ನನ್ ರಂಗೋಲಿ ಅಲ್ವೇನೆ ಇದು!”

ರೂಪಶ್ರೀಗೆ ನಗಬೇಕೋ ಓಡಬೇಕೋ ತಿಳಿಯಲಿಲ್ಲ. “ನಿಮ್ಮದೇ ಅತ್ತೆ. ನಿಮಗೆ ಅಂತಾನೇ ಮಾಡಿದ್ದು.” ಹೇಳಿದ ಮೇಲೆಯೇ ಅವಳಿಗೆ ತಿಳಿಯಿತು, ಅದು ನಿಜವೆಂದು. ಅದನ್ನು ಎಂದೂ ಕೊಡಲಾರೆನೆಂದು ಗೊತ್ತಿದ್ದೂ, ಅವರಿಗೆಂದೇ ಮಾಡಿದ್ದಳು.

“ನಮ್ಮವ್ವನ ತಾವ ಇಂಥದೊಂದಿತ್ತು. ಬಟ್ಟೇದು. ಅದ್ರಲ್ಲಿ ಎಲೆ ಬಾಡೋಯ್ತಿತ್ತು.” ಅತ್ತೆ ಸಂಚಿಯ ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ ನೋಡಿದರು. ಮೂಗಿನ ಹತ್ತಿರ ತಂದರು. ನಶ್ಯದ ಮೂಗು ಏನೂ ಹೇಳಿರಲಾರದು. “ಇದೇ ಏನವ್ವ ನೀನ್ ಏಳ್ತಿದ್ದ ರೆಕ್ಸಿನ್ನು?”

ಅನುಶ್ರೀಯ ಕೈಯಲ್ಲಿ ಹತ್ತಿ ನಿಂತಿತು. ಅವಳು ಅಜ್ಜಿಯನ್ನು ನೋಡಲಿಲ್ಲ, ಅಮ್ಮನನ್ನು ನೋಡಿದಳು. ಇಷ್ಟು ವಾರಗಳಿಂದ ಬೆನ್ನ ಹಿಂದೆ ಬರುತ್ತಿದ್ದ ನೋಟ ಈಗ ಎದುರಿಗೆ ಬಂದು ಕೂತಿತ್ತು. ಇಲ್ಲ ಎಂದರೆ ಸೋಮವಾರ ಕಲ್ಲು ಬರುವುದಿಲ್ಲ, ಕೊಡತಿ ಬರುವುದಿಲ್ಲ. ಹೂಂ ಎಂದರೆ ಈ ಕಣ್ಣು. ರೂಪಶ್ರೀ ಒದ್ದೆ ಕಾಲಲ್ಲಿ ಹೊಸ್ತಿಲ ಮೇಲೆ ನಿಂತಿದ್ದಳು. ಹೊಸ್ತಿಲ ಮೇಲೆ ನಿಲ್ಲಬ್ಯಾಡ ಎಂದು ಅತ್ತೆ ಇವತ್ತು ಗದರಲೂ ಇಲ್ಲ.

ಅವರು ಉತ್ತರಕ್ಕೆ ಕಾಯದವರ ಹಾಗೆ ದೀಪದ ಪಕ್ಕದ ಹರಳೆಣ್ಣೆಯ ಬಾಟ್ಲಿಗೆ ಕೈ ಹಾಕಿದರು. ದೀಪಕ್ಕೆ ಎಣ್ಣೆ ಬಿಟ್ಟರು. ಆಮೇಲೆ ಅಂಗೈಗೆ ಒಂದಿಷ್ಟು ಬಿಟ್ಟುಕೊಂಡರು. ಎರಡೂ ಅಂಗೈ ಉಜ್ಜಿ, ಸಂಚಿಯನ್ನು ಮಂಡಿಯ ಮೇಲಿಟ್ಟು, ಎಣ್ಣೆಯನ್ನು ಅದಕ್ಕೆ ತಿಕ್ಕತೊಡಗಿದರು. ಅವಸರವಿಲ್ಲದೆ, ಹೆಬ್ಬೆರಳ ಬುಡದಿಂದ ಒತ್ತಿ, ಮೊದಲು ಅಂಚಿಗೆ, ಆಮೇಲೆ ಹೊಲಿಗೆಯುದ್ದಕ್ಕೆ, ಕೊನೆಗೆ ರಂಗೋಲಿಯ ಗೆರೆಗಳೊಳಕ್ಕೆ. ರೂಪಶ್ರೀ ಆ ಕೈಯನ್ನು ನೋಡಿದಳು. ಅವಳು ಈ ಮನೆಗೆ ಬಂದ ವರ್ಷ, ಉಳುಮೆಗೆ ನೇಗಿಲು ಕಟ್ಟುವ ಹಿಂದಿನ ದಿನ, ಕೊಟ್ಟಿಗೆಯಲ್ಲಿ ಕೂತು ಎತ್ತುಗಳ ತೊಗಲಿನ ಕೊರಳಪಟ್ಟಿಗೆ ಇದೇ ಕೈ ಹೀಗೆಯೇ ಹರಳೆಣ್ಣೆ ತಿಕ್ಕುತ್ತಿತ್ತು. ತಿಕ್ಕದಿದ್ರೆ ಒಣಗಿ ಬಿರುಕು ಬುಡ್ತದೆ ಕಣವ್ವ ಅಂದಿದ್ದರು. ರೆಕ್ಸಿನ್ನಿಗೆ ಎಣ್ಣೆ ಹಿಡಿಯುವುದಿಲ್ಲ. ರೆಕ್ಸಿನ್ನಿಗೆ ಯಾರೂ ಎಣ್ಣೆ ತಿಕ್ಕುವುದಿಲ್ಲ, ಅತ್ತೆಯಂತೂ ಹರಳೆಣ್ಣೆಯ ಒಂದು ತೊಟ್ಟನ್ನೂ ಸುಮ್ಮನೆ ಚೆಲ್ಲುವವರಲ್ಲ. ಎಣ್ಣೆ ಕುಡಿದ ಕಡೆಯೆಲ್ಲ ಸಂಚಿ ಗಾಢವಾಗುತ್ತಾ, ಎಸಳುಗಳು ಇನ್ನಷ್ಟು ಮೇಲೇಳುತ್ತಾ ಬಂದವು. ಯಾವಾಗಿನಿಂದ ಗೊತ್ತು ಇವರಿಗೆ? ಈಗ ಹೆಬ್ಬೆರಳಿಟ್ಟಾಗಲೇ? ಅಥವಾ ಅವತ್ತು, ಅವರೆಕಾಯಿ ಬಿಡಿಸುವಾಗಲೇ? ಅತ್ತೆ ತಲೆ ಎತ್ತಲಿಲ್ಲ. ಅವರ ತುಟಿಯ ಒಂದು ಮೂಲೆ ಮಾತ್ರ, ಎಲೆಅಡಿಕೆ ಒಳಗಿರುವಾಗ ಇರುವ ಹಾಗೆ, ಒಂದು ಕಡೆಗೆ ಎಳೆದುಕೊಂಡಿತ್ತು.

ಅನುಶ್ರೀ ಹತ್ತಿಯನ್ನು ಮೊರಕ್ಕೆ ಹಾಕಿದಳು. ಮೊಣಕಾಲೂರಿ ಅಜ್ಜಿಯ ಹತ್ತಿರಕ್ಕೆ ಸರಿದು, ಎಣ್ಣೆಯಾಗಿದ್ದ ಅಂಗೈಯನ್ನು ಹಿಡಿದು ದೀಪದ ಕಡೆ ಮಗುಚಿದಳು. ಬೆರಳುಗಳನ್ನು, ಉಗುರುಗಳನ್ನು, ಬೆರಳ ಸಂದಿಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ತನ್ನ ಕೈಯನ್ನೂ ಮಗುಚಿ ನೋಡಿಕೊಂಡಳು. ಅಪ್ಪನ ಬೆಲ್ಟನ್ನು ಕಂಡಕ್ಟರಾಟಕ್ಕೆಂದು ಒಳಗೆ ತಂದ ದಿನ, ಅಯ್ಯೋ ಮುಟ್ಟಬ್ಯಾಡ ಎಂದು ಅಜ್ಜಿ ಉಜ್ಜಿ ಉಜ್ಜಿ ತೊಳೆಸಿದ ಕೈ ಅದು. ಸುಳ್ಳಿನ ಸಾಕ್ಷಿಯನ್ನಲ್ಲ, ಮಗಳು ಇಷ್ಟು ದಿನ ಹುಡುಕುತ್ತಿದ್ದದ್ದು ಬೇರೆಯದೇ ಏನನ್ನೋ ಎಂದು ರೂಪಶ್ರೀಗೆ ಹೊಳೆಯಿತು. ತಡೆಯಬಹುದಾಗಿತ್ತು. ಹಾಲು ಉಕ್ಕಬಹುದಾಗಿತ್ತು, ಯಾರೋ ಕರೆಯಬಹುದಾಗಿತ್ತು. ಅವಳು ಹೊಸ್ತಿಲಿನಿಂದ ಒಳಗೆ ಬಂದು ಮಗಳ ಪಕ್ಕದಲ್ಲಿ ಕೂತಳು.

“ಅಜ್ಜೀ,” ಅಂದಳು ಅನುಶ್ರೀ, “ತೊಗಲು ಮುಟ್ಟುದ್ರೆ ಏನಾಯ್ತದೆ?”